ಚಕ್ರ ಹೊಡೆಯುವುದು ಹೇಗೆ: ಗಾಡಿ ಗಾಲಿ ನೋಡಿ ಕಲಿಯುವ ಕಾರ್ಟ್‌ವೀಲ್

ನಮ್ಮ ಮನೆ ಕೊಡಗಿನ ಸೋಮವಾರಪೇಟೆ ಕಡೆ. ಕಾಫಿ ಕಣದ ಮೂಲೆಯಲ್ಲಿ ಹಳೇ ಎತ್ತಿನ ಗಾಡಿಯ ಗಾಲಿಯೊಂದು ಗೋಡೆಗೆ ಒರಗಿಕೊಂಡಿದೆ. ಗಾಡಿ ಹೋಗಿ ಎಷ್ಟೋ ವರ್ಷ ಆಯಿತು, ಈ ಒಂದು ಗಾಲಿ ಮಾತ್ರ ಉಳಿದಿದೆ. ಏಪ್ರಿಲ್ ರಜೆ ಬಂತೆಂದರೆ ಮನೆ ತುಂಬಾ ಮಕ್ಕಳು. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಘಮಘಮ ಅನ್ನುವ ಹೊತ್ತಿಗೆ ಅವರಿಗೆ ಚಕ್ರ ಹೊಡೆಯುವುದು ಕಲಿಸುವುದು ನನ್ನ ಕೆಲಸ. ಆಗ ನಾನು ಎಲ್ಲರನ್ನೂ ಮೊದಲು ಕರೆದುಕೊಂಡು ಹೋಗುವುದು ಈ ಗಾಲಿಯ ಹತ್ತಿರ.

ಚಕ್ರ ಅಂದರೆ ಇಂಗ್ಲಿಷಿನವರು ಕಾರ್ಟ್‌ವೀಲ್ ಅನ್ನುತ್ತಾರಲ್ಲ, ಅದು. ಲಾಗ ಬೇರೆ, ಇದು ಬೇರೆ. ಲಾಗದಲ್ಲಿ ಮೈ ಮುಂದಕ್ಕೋ ಹಿಂದಕ್ಕೋ ಉರುಳುತ್ತದೆ. ಚಕ್ರದಲ್ಲಿ ಪಕ್ಕಕ್ಕೆ ಉರುಳುತ್ತದೆ. ಒಂದು ಕೈ, ಇನ್ನೊಂದು ಕೈ, ಒಂದು ಕಾಲು, ಇನ್ನೊಂದು ಕಾಲು, ಹೀಗೆ ಒಂದೇ ಗೆರೆಯ ಮೇಲೆ ಒಂದಾದ ಮೇಲೊಂದು ನೆಲ ಮುಟ್ಟುತ್ತವೆ. ಜಿಮ್ನಾಸ್ಟಿಕ್ಸ್ ಕಲಿಯುವವರು ಶುರುವಿನಲ್ಲೇ ಕಲಿಯುವ ಪಟ್ಟುಗಳಲ್ಲಿ ಇದೂ ಒಂದು. ಸರಿಯಾಗಿ ಹಂತ ಹಂತವಾಗಿ ಹೋದರೆ ಏಳೆಂಟು ವರ್ಷದ ಮಗುವಿನಿಂದ ಹಿಡಿದು ನಲವತ್ತು ದಾಟಿದವರವರೆಗೆ ಯಾರು ಬೇಕಾದರೂ ಕಲಿಯಬಹುದು.

ಮೊದಲು ಗಾಲಿ ನೋಡಿ

ನಮ್ಮ ಗಾಲಿ ಹೀಗಿದೆ. ನಡುವೆ ದಪ್ಪ ಗುಂಬ. ಗುಂಬದಿಂದ ಹೊರಗೆ ಚಾಚಿಕೊಂಡ ಹನ್ನೆರಡು ಅರಗಳು. ಹೊರಸುತ್ತಿನಲ್ಲಿ ಬಾಗಿದ ಆರು ಮರದ ತುಂಡುಗಳು, ಒಂದೊಂದು ತುಂಡಿಗೂ ಎರಡೆರಡು ಅರ. ಎಲ್ಲದರ ಮೇಲೆ ಕಬ್ಬಿಣದ ಹಳಿ. ಕೈಯಿಂದ ಸವರಿದರೆ ಗುಂಬದ ತೂತಿನ ಸುತ್ತ ಹಳೇ ಕೀಲೆಣ್ಣೆ ಮರಕ್ಕೇ ಇಳಿದು ಕಪ್ಪಾಗಿದ್ದು ಗೊತ್ತಾಗುತ್ತದೆ. ನಮ್ಮ ಕಡೆ ಗಾಡಿಗೆ ಹೊನ್ನೆ ಮರ ಬಳಸುತ್ತಿದ್ದರು. ಅಚ್ಚಿಗೆ ದಿಂಡಿಗ ಒಳ್ಳೆಯದು. ಗಟ್ಟಿ ಮರ, ಜರ್ಕು ತಡೆಯುತ್ತದೆ.

ಮಕ್ಕಳಿಗೆ ಇದರಲ್ಲಿ ಮೂರು ವಿಷಯ ತೋರಿಸುತ್ತೇನೆ. ಗಾಲಿಯನ್ನು ನಿಧಾನಕ್ಕೆ ಉರುಳಿಸಿದರೆ ಯಾವ ಅರ ಕೆಳಗೆ ಬರುತ್ತದೋ ಭಾರ ಅದರ ಮೇಲೆ ಬೀಳುತ್ತದೆ. ಅದು ಮುಂದೆ ಹೋದರೆ ಪಕ್ಕದ್ದು ಹೊರುತ್ತದೆ. ಎಲ್ಲವೂ ಸರದಿ ಪ್ರಕಾರ. ಎರಡನೆಯದು, ಅರ ನೆಟ್ಟಗಿರಬೇಕು. ಬಾಗಿದ ಅರ ಭಾರ ಹೊರುವುದಿಲ್ಲ. ಮೂರನೆಯದು ಬಿಗಿ, ಮತ್ತು ನನ್ನ ಪ್ರಕಾರ ಇದೇ ಮುಖ್ಯ.

ಈ ಬಿಗಿ ಎಲ್ಲಿಂದ ಬರುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳಿಯನ್ನು ಮರದ ಸುತ್ತಿಗಿಂತ ಒಂಚೂರು ಚಿಕ್ಕದಾಗಿಯೇ ಮಾಡುತ್ತಾರೆ. ಸುತ್ತ ಬೆರಣಿ, ಸೌದೆ ಪೇರಿಸಿ ಕೆಂಪಗೆ ಕಾಯಿಸುತ್ತಾರೆ. ಕಬ್ಬಿಣ ಕಾದರೆ ಹಿಗ್ಗುತ್ತದೆ. ಒಂದೂವರೆ ಮೀಟರ್ ಅಗಲದ ಗಾಲಿ ಅಂದುಕೊಳ್ಳಿ, ಹಳಿಯ ಸುತ್ತಳತೆ ಸುಮಾರು 4.7 ಮೀಟರ್. ಅದು 500 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದರೆ ಸುತ್ತಳತೆ ಹೆಚ್ಚು ಕಡಿಮೆ 3 ಸೆಂ.ಮೀ. ಹೆಚ್ಚುತ್ತದೆ. ಆ ಹೊತ್ತಿನಲ್ಲಿ ಇಕ್ಕಳದಲ್ಲಿ ಎತ್ತಿ ಗಾಲಿಗೆ ಕೂರಿಸಿ, ಸುತ್ತಿಗೆಯಲ್ಲಿ ಬಡಿದು, ತಕ್ಷಣ ನೀರು ಸುರಿಯುತ್ತಾರೆ. ಭುಸ್ ಅಂತ ಹೊಗೆ ಏಳುತ್ತದೆ. ಹಳಿ ಕುಗ್ಗಿ ಹೊರಸುತ್ತಿನ ತುಂಡುಗಳನ್ನು ಒಂದಕ್ಕೊಂದು ಒತ್ತುತ್ತದೆ, ಅರಗಳನ್ನು ಗುಂಬದೊಳಕ್ಕೆ ತಳ್ಳುತ್ತದೆ. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದರೆ ಹಳಿ ಸಡಿಲವಾಗಿ ಗಾಲಿ ಗಡಗಡ ಅನ್ನುತ್ತದೆ. ಅದಕ್ಕೇ ಗಾಡಿಯವರು ಗಾಲಿಯನ್ನು ನೀರಿನಲ್ಲಿ ನೆನೆಸುತ್ತಿದ್ದರು. ಮರ ಉಬ್ಬಿ ಮತ್ತೆ ಬಿಗಿಯಾಗುತ್ತಿತ್ತು.

ಚಕ್ರ ಹೊಡೆಯುವಾಗ ನಿಮ್ಮ ಸೊಂಟವೇ ಗುಂಬ. ಕೈಕಾಲು ನಾಲ್ಕು ಅರ. ಹೊಟ್ಟೆ, ಕುಂಡೆ, ತೊಡೆ ಬಿಗಿ ಹಿಡಿಯುವುದೇ ಹಳಿ. ಚಕ್ರ ಕೆಟ್ಟಾಗ ನಾನು ಮೊದಲು ನೋಡುವುದು ಈ ಬಿಗಿಯನ್ನು.

ಜಾಗ ಆರಿಸುವುದು

ಇಲ್ಲಿ ಅವಸರ ಮಾಡಬೇಡಿ. ನಾನು ಶಾಲೆಯಲ್ಲಿದ್ದಾಗ ಮಳೆಗಾಲದಲ್ಲಿ ಒದ್ದೆ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ, ಏನೂ ಹೇಳಿಕೊಡದೆ, ಒಬ್ಬೊಬ್ಬರಾಗಿ ಹೊಡೆಯಿರಿ ಅಂದಿದ್ದರು. ಕೈ ಜಾರಿತು. ಎಡ ಮಣಿಕಟ್ಟು ಊದಿಕೊಂಡು ಮೂರು ವಾರ ಬ್ಯಾಂಡೇಜು. ಆಮೇಲೆ ಎಷ್ಟೋ ವರ್ಷ ಚಕ್ರ ಅಂದರೆ ಭಯ ಇತ್ತು. ಅದನ್ನು ಬಿಡಿಸಿಕೊಳ್ಳಲು ಮತ್ತೆ ಮೊದಲಿಂದ, ಗೋಡೆಯಿಂದ, ಶುರು ಮಾಡಬೇಕಾಯಿತು.

ಒದ್ದೆ ಹುಲ್ಲು ಬೇಡವೇ ಬೇಡ. ಕೊಡಗಿನಲ್ಲಿ ಬೆಳಿಗ್ಗೆ ಮಂಜು ಬಿದ್ದಿರುತ್ತದೆ, ಒಂಬತ್ತು ಗಂಟೆ ಆದರೂ ಹುಲ್ಲು ಹಸಿ. ಬಿಸಿಲು ಬಿದ್ದು ಆರಿದ ಮೇಲೆ, ಅಥವಾ ಸಂಜೆ ನಾಲ್ಕರ ಮೇಲೆ ಮಾಡಿ. ಕಾಫಿ ಕಣದ ಸಿಮೆಂಟು ಸಮತಟ್ಟಾಗಿದೆ ಅಂತ ಆಸೆ ಆಗುತ್ತದೆ, ಆದರೆ ಬಿದ್ದರೆ ಮೊಣಕಾಲು ಹೋಗುತ್ತದೆ. ಅದರ ಮೇಲೆ ಗೋಣಿಚೀಲ ಹಾಸಿದರೆ ಇನ್ನೂ ಕಷ್ಟ, ಚೀಲವೇ ಜಾರುತ್ತದೆ. ಕೊಯ್ಲಾದ ಗದ್ದೆಯಲ್ಲಿ ಕೂಳೆ ಅಂಗೈಗೆ ಚುಚ್ಚುತ್ತದೆ. ಒಳ್ಳೆಯದು ಅಂದರೆ ಹುಲ್ಲಿರುವ ಹಾಕಿ ಮೈದಾನದ ಅಂಚು ಅಥವಾ ಮನೆ ಮುಂದಿನ ಹುಲ್ಲು. ನಮ್ಮೂರಲ್ಲಿ ಹಾಕಿ ಮೈದಾನಕ್ಕೇನು ಬರವಿಲ್ಲ. ಒಮ್ಮೆ ಬರಿಗಾಲಲ್ಲಿ ಓಡಾಡಿ ಕಲ್ಲು, ಗಾಜಿನ ಚೂರು, ಮುಳ್ಳು ನೋಡಿಕೊಳ್ಳಿ. ಇಂಬಳದ ಕಾಲವಾದರೆ ಹುಲ್ಲಿನ ಕಡೆ ಹೋಗಲೇಬೇಡಿ.

ಬಟ್ಟೆ ಮೈಗೆ ಹತ್ತಿರ ಇರಲಿ. ಅಂಗಿ ಪ್ಯಾಂಟಿನೊಳಗೆ ಸಿಕ್ಕಿಸಿ, ತಲೆಕೆಳಗಾದಾಗ ಮುಖಕ್ಕೆ ಬಂದರೆ ನೆಲ ಕಾಣುವುದಿಲ್ಲ. ಕೂದಲು ಕಟ್ಟಿ. ಬಳೆ, ಗಡಿಯಾರ, ಸರ ತೆಗೆದಿಡಿ. ಬರಿಗಾಲೇ ಒಳ್ಳೆಯದು. ಊಟ ಆಗಿ ಎರಡು ಗಂಟೆ ಕಳೆದಿರಲಿ.

ಬಿಪಿ ಜಾಸ್ತಿ ಇರುವವರು, ತಲೆಸುತ್ತು ಬರುವವರು, ಕಣ್ಣಿನ ಒತ್ತಡದ ತೊಂದರೆ ಇರುವವರು, ಭುಜ ಒಮ್ಮೆ ಕಳಚಿದವರು, ಮೂಳೆ ಮುರಿದು ಇನ್ನೂ ಪೂರ್ತಿ ಕೂಡದವರು ಡಾಕ್ಟರನ್ನು ಕೇಳದೆ ಮಾಡಬಾರದು. ಗರ್ಭಿಣಿಯರು ಬೇಡ.

ಮೈ ಬಿಸಿ ಮಾಡಿಕೊಳ್ಳಿ

ಹತ್ತು ನಿಮಿಷ ಸಾಕು. ಎರಡು ಮೂರು ಸುತ್ತು ನಿಧಾನ ಓಟ. ಆಮೇಲೆ ಮಣಿಕಟ್ಟು. ಬೆರಳು ಹೆಣೆದು ಎರಡೂ ಕಡೆ ಇಪ್ಪತ್ತಿಪ್ಪತ್ತು ಸಲ ತಿರುಗಿಸಿ. ನಂತರ ಅಂಬೆಗಾಲಿಡುವ ಮಗುವಿನಂತೆ ಕೂತು, ಅಂಗೈ ನೆಲಕ್ಕೆ ಊರಿ, ಮೈಯನ್ನು ಮುಂದಕ್ಕೂ ಹಿಂದಕ್ಕೂ ನಿಧಾನ ತೂಗಿ. ಬೆರಳನ್ನು ಪಕ್ಕಕ್ಕೆ ತಿರುಗಿಸಿಟ್ಟು ಮತ್ತೊಮ್ಮೆ. ಚಕ್ರದಲ್ಲಿ ಮೊದಲು ಸೋಲುವುದು ಮಣಿಕಟ್ಟೇ. ಮೊಬೈಲು, ಕೀಬೋರ್ಡು ಹಿಡಿದು ಕೂರುವವರಿಗಂತೂ ಇದು ಇನ್ನೂ ಮುಖ್ಯ.

ಭುಜವನ್ನು ದೊಡ್ಡದಾಗಿ ತಿರುಗಿಸಿ. ಕಾಲು ಅಗಲಿಸಿ ನಿಂತು ಒಂದು ಪಾದದ ಕಡೆಗೆ, ಇನ್ನೊಂದು ಪಾದದ ಕಡೆಗೆ ಬಾಗಿ. ಎಳೆದು ನೋಯಿಸಿಕೊಳ್ಳಬೇಡಿ.

ನಿಮ್ಮ ಕಡೆ ಯಾವುದು?

ಎಲ್ಲರಿಗೂ ಒಂದು ಕಡೆ ಸುಲಭ. ಕಾಲು ಜೋಡಿಸಿ ನಿಂತು ಮೈಯನ್ನು ಹಾಗೇ ಮುಂದಕ್ಕೆ ವಾಲಿಸಿ. ಇನ್ನೇನು ಬೀಳುತ್ತೇನೆ ಅನ್ನುವಾಗ ಒಂದು ಕಾಲು ತಾನಾಗಿ ಮುಂದೆ ಬರುತ್ತದೆ. ಮೂರು ಸಲ ಮಾಡಿ. ಜಾಸ್ತಿ ಸಲ ಬಂದದ್ದು ನಿಮ್ಮ ಮುಂಗಾಲು. ಎಡಗಾಲು ಮುಂದೆ ಬಂದರೆ ಮೊದಲು ಊರುವುದು ಎಡಗೈ. ಬಲಗಾಲಾದರೆ ಬಲಗೈ. ಕಾಲೊಂದು ಕಡೆ ಕೈಯೊಂದು ಕಡೆ ಆದರೆ ಮೈ ಹಗ್ಗದಂತೆ ಹೊಸೆದುಕೊಳ್ಳುತ್ತದೆ. ಮುಂದೆ ನಾನು ಎಡಗಾಲಿನವರಿಗೆ ಬರೆಯುತ್ತೇನೆ, ಬಲಗಾಲಿನವರು ತಿರುಗಿಸಿ ಓದಿಕೊಳ್ಳಿ.

ಗೋಡೆ

ಮನೆಯ ಗಟ್ಟಿ ಗೋಡೆಗೆ ಬೆನ್ನು ಹಾಕಿ, ಒಂದು ಹೆಜ್ಜೆ ದೂರ ನಿಲ್ಲಿ. ಎರಡೂ ಅಂಗೈ ನೆಲಕ್ಕೆ. ಒಂದೊಂದೇ ಕಾಲನ್ನು ಗೋಡೆಯ ಮೇಲೆ ಇಡುತ್ತಾ ಮೇಲೆ ಹತ್ತಿ. ಕೈಯನ್ನು ಸ್ವಲ್ಪ ಸ್ವಲ್ಪವೇ ಗೋಡೆ ಹತ್ತಿರ ತನ್ನಿ. ಹೊಟ್ಟೆ ಗೋಡೆ ಕಡೆಗಿರಬೇಕು. ಮೊಣಕೈ ನೆಟ್ಟಗೆ, ಭುಜ ಕಿವಿಗೆ ಒತ್ತಿರಲಿ, ನೆಲವನ್ನು ದೂರ ತಳ್ಳುತ್ತಿದ್ದೇನೆ ಅಂದುಕೊಳ್ಳಿ. ಹತ್ತು ಎಣಿಸಿ, ಬಂದ ದಾರಿಯಲ್ಲೇ ಕಾಲಿಡುತ್ತಾ ಇಳಿಯಿರಿ. ಮೊದಲ ದಿನ ಅರ್ಧ ಗೋಡೆ ಹತ್ತಿದರೂ ಸಾಕು. ಮೂವತ್ತು ಎಣಿಸುವ ತನಕ ನಿಲ್ಲಲು ಬಂದರೆ ನಿಮ್ಮ ಕೈ ಭಾರ ಹೊರಲು ತಯಾರು ಅಂತ ಅರ್ಥ.

ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ. ಒಂದು ವಾರ ಇದಕ್ಕೇ ಕೊಡಿ.

ಬೂದಿಯ ವೃತ್ತ

ಗಾಲಿಯನ್ನು ಇಬ್ಬರು ದೊಡ್ಡವರು ಹಿಡಿದು ಹುಲ್ಲಿನ ಮೇಲೆ ಮಲಗಿಸುತ್ತೇವೆ. ಸುತ್ತ ಒಲೆಯ ಬೂದಿ ಉದುರಿಸಿ, ಗಾಲಿ ಎತ್ತಿ ದೂರ ಇಡುತ್ತೇವೆ. ಚಂದದ ವೃತ್ತ ಉಳಿಯುತ್ತದೆ. ಗಾಲಿ ಇಲ್ಲದವರು ಗೂಟ, ಹಗ್ಗ ಇಟ್ಟುಕೊಂಡು ಎಳೆಯಬಹುದು.

ವೃತ್ತದ ಹೊರಗೆ ನಿಂತು ಎರಡೂ ಕೈ ವೃತ್ತದ ನಡುವೆ ಊರಿ. ಕಾಲು ಮಾತ್ರ ವೃತ್ತದ ಹೊರಗೇ, ಅಂಚಿನುದ್ದಕ್ಕೂ ನೆಗೆದು ಆ ಕಡೆಗೆ ಹೋಗಲಿ. ಮೊದಲು ಕಪ್ಪೆಯಂತೆ, ಮೊಣಕಾಲು ಮಡಿಸಿಯೇ. ಪರವಾಗಿಲ್ಲ. ಇಲ್ಲಿ ಬೇಕಾದದ್ದು ಎರಡು: ಎರಡೂ ಕೈ ಮೇಲೆ ಭಾರ ಬರಬೇಕು, ಮತ್ತು ಕಾಲು ಒಂದಾದ ಮೇಲೊಂದು ಇಳಿಯಬೇಕು. ಜೋಡಿ ಕಾಲಲ್ಲಿ ಧೊಪ್ ಅಂತ ಬಿದ್ದರೆ ಮತ್ತೆ ಮಾಡಿ. ದಿನ ಹೋದಂತೆ ಕಾಲು ಎತ್ತರ ಹೋಗುತ್ತದೆ, ಮೊಣಕಾಲು ತಾನಾಗಿ ನೇರವಾಗುತ್ತದೆ.

ನನ್ನ ತಂಗಿ ಮಗಳಿಗೆ ಒಂಬತ್ತು ವರ್ಷ. ಎರಡು ದಿನ ಅವಳು ಮೊಣಕೈ ಮಡಿಸಿ ಮಡಿಸಿ ಕುಸಿದಳು. ಅಳು ಬರುವ ಹಾಗಾಯಿತು. ಅವಳನ್ನು ಗಾಲಿ ಹತ್ತಿರ ಕೂರಿಸಿ, ನಾನು ಒಂದೊಂದೇ ಗೇಣು ಉರುಳಿಸಿದೆ. "ಈಗ ಭಾರ ಎಲ್ಲಿದೆ, ಬೆರಳಿಟ್ಟು ತೋರಿಸು" ಅಂದೆ. ಒಂದೊಂದೇ ಅರ ಮುಟ್ಟುತ್ತಾ ಬಂದಳು. ಆರನೆಯದಕ್ಕೆ ಬೆರಳು ನಿಂತಿತು. "ಇದು ನನ್ನ ಕೈ ಥರ ಮಡಚಿಕೊಂಡ್ರೆ ಗಾಡಿ ಬೀಳುತ್ತೆ ಅಲ್ವಾ ದೊಡ್ಡಮ್ಮ?" ಅಂದಳು. ಎದ್ದು ಹೋಗಿ ಕೈ ನೆಟ್ಟಗಿಟ್ಟು ನೆಗೆದಳು. ಕಾಲು ಇನ್ನೂ ಕಪ್ಪೆಯ ಹಾಗೇ ಇತ್ತು. ಕೈ ಮಾತ್ರ ಅಲ್ಲಾಡಲಿಲ್ಲ.

ಇಳಿಜಾರು

ಕೊಡಗಿನವರಿಗೆ ಇದೊಂದು ವರ. ಜಿಮ್ನಾಸ್ಟಿಕ್ಸ್ ಶಾಲೆಗಳಲ್ಲಿ ಇದಕ್ಕೆಂದೇ ಓರೆಯಾದ ಸ್ಪಂಜಿನ ದಿಂಬು ಇಟ್ಟಿರುತ್ತಾರೆ. ನಮಗೆ ಅಂಗಳದಲ್ಲೇ ಇಳಿಜಾರು. ಮೇಲಿಂದ ಕೆಳಗೆ ಹೊಡೆದರೆ ಸೊಂಟ ಕೈ ಮೇಲೆ ಬರಲು ಕಡಿಮೆ ಶಕ್ತಿ ಸಾಕು. ಆದರೆ ತೀರಾ ಸಣ್ಣ ಇಳಿಜಾರು ಇರಲಿ. ಚೆಂಡು ಇಟ್ಟರೆ ನಿಧಾನಕ್ಕೆ ಉರುಳಬೇಕು, ಓಡಬಾರದು. ಕೆಳಗೆ ಐದಾರು ಮೀಟರ್ ಖಾಲಿ ಜಾಗ ಬೇಕು. ಬೇಲಿ, ಚರಂಡಿ, ಕಾಫಿ ಗಿಡ ಯಾವುದೂ ಅಡ್ಡ ಇರಬಾರದು.

ಇಲ್ಲಿಂದ ಪೂರ್ತಿ ಚಕ್ರ. ಬೂದಿಯಲ್ಲಿ ಮೇಲಿಂದ ಕೆಳಗೆ ನೇರ ಗೆರೆ ಎಳೆಯಿರಿ.

ಗೆರೆಯ ಮೇಲೆ ಎಡಗಾಲು ಮುಂದಿಟ್ಟು ನಿಲ್ಲಿ. ಎರಡೂ ಕೈ ಮೇಲೆತ್ತಿ ಕಿವಿಗೆ ತಾಗಿಸಿ. ಹೊಟ್ಟೆ ಬಿಗಿ ಹಿಡಿಯಿರಿ. ಎಡ ಮೊಣಕಾಲು ಮಡಿಸಿ ಮುಂದಕ್ಕೆ ಬಾಗಿ, ಬಲಗಾಲು ಹಿಂದೆ ನೆಟ್ಟಗೆ ಚಾಚಿರಲಿ. ಕೈ, ಬೆನ್ನು, ಹಿಂಗಾಲು ಒಂದೇ ಕೋಲಿನಂತೆ ತಕ್ಕಡಿಯ ಹಾಗೆ ವಾಲಬೇಕು. ಕೈ ಕೆಳಗೆ ಹೋದಷ್ಟೂ ಹಿಂಗಾಲು ಮೇಲೆ ಹೋಗಬೇಕು.

ಎಡಗೈಯನ್ನು ಎಡಪಾದದಿಂದ ನಿಮ್ಮದೇ ಒಂದು ದೊಡ್ಡ ಹೆಜ್ಜೆಯಷ್ಟು ಮುಂದೆ ಊರಿ. ಬೆರಳುಗಳು ಗೆರೆಗೆ ಅಡ್ಡವಾಗಿ, ಎಡಕ್ಕೆ ತಿರುಗಿರಲಿ. ಊರುವಾಗಲೇ ಎದೆ ಬಲಕ್ಕೆ ತಿರುಗುತ್ತದೆ, ತಿರುಗಲು ಬಿಡಿ. ಅದೇ ಹೊತ್ತಿಗೆ ಬಲಗಾಲನ್ನು ಜೋರಾಗಿ ಮೇಲಕ್ಕೆ ಬೀಸಿ, ಎಡಗಾಲಿನಿಂದ ನೆಲ ತಳ್ಳಿ. ಬಲಗೈ ಎಡಗೈಯಿಂದ ಭುಜದಗಲ ಮುಂದೆ, ಅದೇ ಗೆರೆಯ ಮೇಲೆ ಬರಲಿ. ಬಲಗೈಯ ಬೆರಳು ಎಡಗೈ ಕಡೆಗೆ ಸ್ವಲ್ಪ ತಿರುಗಿರಲಿ.

ಈಗ ನೀವು ತಲೆಕೆಳಗು. ಕಣ್ಣು ಎರಡು ಕೈಗಳ ನಡುವಿನ ನೆಲದ ಮೇಲಿರಲಿ. ತಲೆ ಎತ್ತಿ ದೂರ ನೋಡಿದರೆ ಬೆನ್ನು ಬಿಲ್ಲಾಗುತ್ತದೆ. ಕಾಲುಗಳು ಅಗಲವಾಗಿ ಆಕಾಶಕ್ಕೆ, ಸೊಂಟ ಸರಿಯಾಗಿ ಕೈಗಳ ಮೇಲೆ. ಬಿಗಿ ಬಿಡಬೇಡಿ.

ಎಡಗೈ ನೆಲ ಬಿಡುತ್ತದೆ. ಬಲಗಾಲು ಬಲಗೈ ಮುಂದೆ, ಅದೇ ಗೆರೆಯ ಮೇಲೆ ಇಳಿಯುತ್ತದೆ. ಬಲಗೈಯಿಂದ ನೆಲವನ್ನು ತಳ್ಳಿ ಮೇಲೇಳಿ. ಕೊನೆಗೆ ಎಡಗಾಲು. ನಿಂತಾಗ ನೀವು ಹೊರಟ ಜಾಗದ ಕಡೆ ಮುಖ ಮಾಡಿರಬಹುದು, ಇಲ್ಲವೇ ಪಕ್ಕಕ್ಕೆ. ಎರಡೂ ಸರಿ. ಕೈ ಮತ್ತೆ ಕಿವಿಯ ಪಕ್ಕ.

ಬಾಯಲ್ಲಿ ಹೇಳಿಕೊಳ್ಳಿ: ಕೈ, ಕೈ, ಕಾಲು, ಕಾಲು. ನಾಲ್ಕೂ ಒಂದೇ ಲಯದಲ್ಲಿ ಬರಬೇಕು. ನಾನು ಕಣ್ಣು ಮುಚ್ಚಿ ಕೇಳಿಯೇ ಚಕ್ರ ಸರಿಯಾಯಿತೋ ಇಲ್ಲವೋ ಹೇಳಬಲ್ಲೆ. ನಾಲ್ಕು ಸದ್ದು ಬಿಡಿ ಬಿಡಿಯಾಗಿ ಬಂದರೆ ಸರಿ. ಎರಡೇ ಸದ್ದು ಬಂದರೆ ಜೋಡಿ ಕೈ, ಜೋಡಿ ಕಾಲು ಬಿದ್ದಿದೆ.

ಹಿಡಿದುಕೊಳ್ಳುವವರಿಗೆ

ಮಗುವಿನ ಬೆನ್ನು ಬರುವ ಕಡೆ ನಿಲ್ಲಿ. ಎಡಗಾಲಿನ ಮಗುವಾದರೆ ಅದರ ಎಡಪಕ್ಕ. ಎದೆ ಕಡೆ ನಿಂತರೆ ಮುಖಕ್ಕೆ ಒದೆ ಖಂಡಿತ. ನಿಮ್ಮ ಎರಡು ಕೈಗಳನ್ನು ಕತ್ತರಿಯಂತೆ ಅಡ್ಡ ಹಾಕಿ ಮಗುವಿನ ಸೊಂಟದ ಎರಡು ಬದಿ ಹಿಡಿಯಿರಿ. ಮಗು ತಲೆಕೆಳಗಾಗುವಾಗ ನಿಮ್ಮ ಕೈ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕಾಲು ಹಿಡಿದು ಎಳೆಯಬೇಡಿ. ಎತ್ತಿ ತಿರುಗಿಸುವುದೂ ಬೇಡ. ಸೊಂಟ ಮೇಲೆ ಬರಲು ಒಂಚೂರು ಆಸರೆ, ಅಷ್ಟೇ. ಬರಬರುತ್ತಾ ಎರಡು ಬೆರಳು ತಾಗಿಸಿದರೂ ಸಾಕಾಗುತ್ತದೆ.

ಸಮತಟ್ಟು ನೆಲ, ಮತ್ತು ತಪ್ಪುಗಳು

ಇಳಿಜಾರಿನಲ್ಲಿ ಐದು ಸಲ ಸತತವಾಗಿ ನಿಂತರೆ ಸಮತಟ್ಟಿಗೆ ಬನ್ನಿ. ಇಲ್ಲಿ ಹಿಂಗಾಲಿನ ಬೀಸು ಇನ್ನೂ ಜೋರಿರಬೇಕು. ಯಾರಾದರೂ ಹಿಂದೆ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡಲಿ. ನಿಧಾನಗತಿಯಲ್ಲಿ ನೋಡಿದರೆ ತಪ್ಪು ಎದ್ದು ಕಾಣುತ್ತದೆ.

ಎಲ್ಲರೂ ಮಾಡುವ ತಪ್ಪು, ಕೈಯನ್ನು ಪಾದದ ಬುಡದಲ್ಲೇ ಊರುವುದು. ಅದು ಭಯದಿಂದ ಬರುತ್ತದೆ. ಹತ್ತಿರ ಊರಿದರೆ ಸೊಂಟ ಮೇಲೆ ಹೋಗಲು ಜಾಗವೇ ಇರುವುದಿಲ್ಲ. ಊರಬೇಕಾದಲ್ಲಿ ಎರಡು ಹೊನ್ನೆ ಎಲೆಯೋ ಹಲಸಿನ ಎಲೆಯೋ ಇಟ್ಟು ಗುರುತು ಮಾಡಿ, ಮೊದಲ ಸಲ ನೋಡಿಕೊಂಡು ಎಲೆ ತೆಗೆದು ಹೊಡೆಯಿರಿ. ಎಲೆ ಮೇಲೆ ಕೈ ಇಟ್ಟರೆ ಜಾರುತ್ತದೆ.

ಕಾಲು ಆಕಾಶಕ್ಕೆ ಹೋಗದೆ ಪಕ್ಕದಿಂದ ಸುತ್ತಿ ಬರುತ್ತಿದ್ದರೆ ಗೋಡೆಗೆ ವಾಪಸ್ಸು ಹೋಗಿ. ಕೈ ಮೇಲಿನ ನಂಬಿಕೆ ಇನ್ನೂ ಬಂದಿಲ್ಲ. ಗೋಡೆಯಲ್ಲಿ ಚೆನ್ನಾಗಿ ನಿಂತೂ ಹೀಗಾಗುತ್ತಿದ್ದರೆ, ಸೊಂಟದೆತ್ತರದಲ್ಲಿ ಒಂದು ತೆಳು ದಾರವನ್ನು ಇಬ್ಬರು ಸಡಿಲವಾಗಿ ಹಿಡಿದು ನಿಲ್ಲಲಿ, ಕಾಲು ಅದರ ಮೇಲಿಂದ ಹೋಗಲಿ. ಕಾಲು ತಾಗಿದರೆ ದಾರ ಬಿಟ್ಟುಬಿಡಬೇಕು.

ಗೆರೆ ತಪ್ಪಿ ಓರೆಯಾಗಿ ಇಳಿಯುವುದು ಸಾಮಾನ್ಯ. ಸೊಂಟ ಮಡಚಿರುತ್ತದೆ, ಅಂದರೆ ಹಳಿ ಸಡಿಲ. ಕುಂಡೆ ಬಿಗಿ ಮಾಡಿ ಅಂತ ಒಂದೇ ಮಾತು ಹೇಳಿ, ಹೆಚ್ಚಿನವರಿಗೆ ಅಲ್ಲೇ ಸರಿಹೋಗುತ್ತದೆ. ಜಿಮ್ನಾಸ್ಟಿಕ್ಸಿನಲ್ಲಿ ಬ್ಯಾಲೆನ್ಸ್ ಬೀಮ್ ಅನ್ನುವ ಉದ್ದನೆಯ ತೊಲೆ ಇದೆ, ಬರೀ 10 ಸೆಂ.ಮೀ. ಅಗಲ, ನೆಲದಿಂದ 1.25 ಮೀಟರ್ ಎತ್ತರ. ಅದರ ಮೇಲೂ ಹುಡುಗಿಯರು ಚಕ್ರ ಹೊಡೆಯುತ್ತಾರೆ. ನಿಮ್ಮ ಬೂದಿ ಗೆರೆಯನ್ನು ಅಷ್ಟೇ ಅಗಲ ಎಳೆದು, ಅದರೊಳಗೆ ಕೈಕಾಲು ಬೀಳುತ್ತದೆಯೇ ನೋಡಿ.

ದಿನಕ್ಕೆ ಹದಿನೈದು ಇಪ್ಪತ್ತು ಚಕ್ರ ಸಾಕು. ಜಾಸ್ತಿ ಮಾಡಿದರೆ ಸುಸ್ತಿನಲ್ಲಿ ಮೊಣಕೈ ಮಡಚಿಕೊಳ್ಳುತ್ತದೆ. ಮಣಿಕಟ್ಟು ನೋವು ಬಂದರೆ ಎರಡು ಮೂರು ದಿನ ಬಿಡಿ, ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ನಿಮಿಷ ಇಡಿ. ಊತ ಇಳಿಯದಿದ್ದರೆ, ಆಕಾರ ಬದಲಾದಂತೆ ಕಂಡರೆ, ಬೆರಳು ಜೋಮು ಹಿಡಿದರೆ ಎಣ್ಣೆ ಹಾಕಿ ನೀವಬೇಡಿ, ಎಕ್ಸ್‌ರೇ ಮಾಡಿಸಿ.

ಆಮೇಲೆ

ನಿಮ್ಮ ಕಡೆ ಚೆನ್ನಾಗಿ ಬಂದ ಮೇಲೆ ಇನ್ನೊಂದು ಕಡೆಯೂ ಕಲಿಯಿರಿ. ಮತ್ತೆ ಬೂದಿಯ ವೃತ್ತದಿಂದಲೇ. ಕೈಗೆ ಬಂದ ಕೆಲಸವನ್ನು ಮತ್ತೆ ಮೊದಲಿಂದ ಮಾಡುವುದು ಬೇಜಾರು, ಆದರೆ ಮೈಯ ಎರಡೂ ಬದಿ ಸಮ ಬೆಳೆಯುತ್ತದೆ. ನಂತರ ಎರಡು ಹೆಜ್ಜೆ ಓಡಿ ಬಂದು ಹೊಡೆಯಿರಿ, ಆಮೇಲೆ ಎರಡು ಚಕ್ರ ಸಾಲಾಗಿ. ಚಕ್ರದ ಹತ್ತಿರದ ನೆಂಟ ರೌಂಡ್‌ಆಫ್. ಅದರಲ್ಲಿ ಮೇಲೆ ಕಾಲು ಜೋಡಿಸಿ, ಎರಡೂ ಪಾದ ಒಟ್ಟಿಗೆ ಇಳಿಸುತ್ತಾರೆ. ಓಡಿ ಬಂದು ಮೇಜಿನಂಥ ಸಾಧನದ ಮೇಲಿಂದ ಹಾರುವ ವಾಲ್ಟ್‌ನಲ್ಲಿ ಯುರ್ಚೆಂಕೋ ಅನ್ನುವ ಜಿಗಿತ ಶುರುವಾಗುವುದೇ ರೌಂಡ್‌ಆಫ್‌ನಿಂದ. ಒಂದೇ ಕೈಯ ಚಕ್ರ, ಕೈ ಊರದ ಚಕ್ರ ಇವನ್ನೆಲ್ಲ ಮನೆ ಅಂಗಳದಲ್ಲಿ ಕಲಿಯಬೇಡಿ. ಅದಕ್ಕೆ ತರಬೇತುದಾರರು, ಸರಿಯಾದ ಮ್ಯಾಟ್ ಬೇಕು.

ಜೂನ್ ಬಂತೆಂದರೆ ಕೊಡಗಿನಲ್ಲಿ ಅಂಗಳ ಮುಗಿಯಿತು. ಮಳೆ ನಿಲ್ಲುವ ತನಕ ಜಗಲಿಯ ಗೋಡೆಯೇ ಮೈದಾನ. ವಾರಕ್ಕೆ ಮೂರು ದಿನ ಗೋಡೆ ಹತ್ತಿ ನಿಂತು ಮೂವತ್ತು ಎಣಿಸಿ, ಮಣಿಕಟ್ಟು ತೂಗಿ. ಅಕ್ಟೋಬರಿನಲ್ಲಿ ಹುಲ್ಲು ಒಣಗಿದ ಮೇಲೆ ನೇರ ಸಮತಟ್ಟಿಗೆ ಹೋಗದೆ, ಮೊದಲ ಎರಡು ದಿನ ಇಳಿಜಾರಿನಲ್ಲೇ ಹೊಡೆಯಿರಿ.